ಪರಿಸರ ಮನುಷ್ಯರನ್ನು ರೂಪಿಸುತ್ತದೆಯೋ, ಮನುಷ್ಯರು ಪರಿಸರವನ್ನೋ? ಈ ಪ್ರಶ್ನೆಯನ್ನು ಕೇಳುವ ಸರಿಯಾದ ಬಗೆ ಯಾವುದು?

ಭೂವಿಚಾರಿ (ಪ್ರಶ್ನೆ)

ಮಾನವ ಭೂಗೋಳಶಾಸ್ತ್ರದ ಪರಿಚಯ ಗ್ರಂಥಗಳಲ್ಲಿ ಎರಡು ಪಂಥಗಳ ಜಗಳವನ್ನು ಬಹುತೇಕ ಒಂದೇ ಧಾಟಿಯಲ್ಲಿ ಹೇಳಿರುತ್ತಾರೆ. ಜರ್ಮನಿಯ ಫ್ರೀಡ್ರಿಕ್ ರಾಟ್ಸೆಲ್ ಅವರ ವಿಚಾರಗಳಿಂದ ಹೊರಟು, ಅವುಗಳನ್ನು ಅಮೆರಿಕಕ್ಕೆ ಕೊಂಡೊಯ್ದ ಎಲೆನ್ ಸೆಂಪಲ್ ಅವರ ಬರಹಗಳಲ್ಲಿ ಗಟ್ಟಿಯಾದ ಪರಿಸರ ನಿಯತಿವಾದದ ಪ್ರಕಾರ ಹವೆ, ಮಣ್ಣು, ನೆಲದ ಏರಿಳಿತಗಳೇ ಜನರ ಕಸುಬನ್ನೂ ಸ್ವಭಾವವನ್ನೂ ಗೊತ್ತುಮಾಡುತ್ತವೆ. ಫ್ರಾನ್ಸಿನ ವಿದಾಲ್ ದ ಲಾ ಬ್ಲಾಷ್ ಅವರ ಪರಂಪರೆಯ ಸಾಧ್ಯತಾವಾದ ಇದಕ್ಕೆ ಎದುರಾಗಿ ನಿಂತು, ಪ್ರಕೃತಿ ಅವಕಾಶಗಳನ್ನಷ್ಟೇ ಮುಂದಿಡುತ್ತದೆ, ಅವುಗಳಲ್ಲಿ ಯಾವುದನ್ನು ಎತ್ತಿಕೊಳ್ಳಬೇಕೆಂಬುದು ಜನರಿಗೆ ಬಿಟ್ಟದ್ದು ಎಂದಿತು. ಸಮಶೀತೋಷ್ಣ ವಲಯದ ಹವೆಯೇ ನಾಗರಿಕತೆಗೆ ತಕ್ಕದ್ದೆಂದು 1915ರಲ್ಲಿ ವಾದಿಸಿದ ಎಲ್ಸ್‌ವರ್ತ್ ಹಂಟಿಂಗ್ಟನ್ ಅವರಂಥವರ ಕೈಯಲ್ಲಿ ಮೊದಲ ಪಂಥ ಸಾಮ್ರಾಜ್ಯಗಳ ಸಮರ್ಥನೆಗೆ ಒದಗಿತಾದ್ದರಿಂದ ಅದರ ಮರ್ಯಾದೆ ಹೋದದ್ದು ನ್ಯಾಯವೇ ಆಗಿದೆ.

ಆದರೆ ಎರಡನೆಯ ಪಂಥವೂ ನನಗೆ ಸಮಾಧಾನ ಕೊಡುತ್ತಿಲ್ಲ. 1960ರಲ್ಲಿ ಜಗತ್ತಿನ ನಾಲ್ಕನೆಯ ಅತಿ ದೊಡ್ಡ ಸರೋವರವಾಗಿದ್ದ ಆರಲ್ ಸಮುದ್ರವನ್ನೇ ನೋಡಿ. ಅಮು ದರಿಯಾ ಮತ್ತು ಸಿರ್ ದರಿಯಾ ನದಿಗಳ ನೀರನ್ನು ಹತ್ತಿಯ ಹೊಲಗಳಿಗೆ ತಿರುಗಿಸಿದ್ದು ಸೋವಿಯತ್ ಆಡಳಿತದ ಆಯ್ಕೆ. ನೀರು ಹಿಂದೆ ಸರಿದು, ದೋಣಿಗಳು ಮರಳಿನಲ್ಲಿ ಉಳಿದು, ಒಣಗಿದ ತಳದ ಉಪ್ಪುಧೂಳು ಊರಿನ ಮೇಲೆ ಬೀಳತೊಡಗಿದಾಗ ಮೊಯ್ನಾಕ್ ಬಂದರಿನ ಮೀನುಗಾರರ ಮುಂದೆ ಯಾವ ಆಯ್ಕೆಯೂ ಇರಲಿಲ್ಲ. ಹಾಗಾದರೆ ಇಲ್ಲಿ ನಿರ್ಣಾಯಕವಾದದ್ದು ಮನುಷ್ಯರ ಇಚ್ಛೆಯೋ, ಪರಿಸರದ ಒತ್ತಡವೋ? ಎರಡೂ ದಿಕ್ಕಿನ ಪ್ರಭಾವವನ್ನು ಒಟ್ಟಿಗೆ ಹಿಡಿಯಬಲ್ಲ ವಿವರಣೆ ಯಾವುದು, ಅದಕ್ಕೆ ತಕ್ಕ ಉದಾಹರಣೆಗಳು ಯಾವುವು ಎಂದು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಏರಿಕಾಲುವೆ

ಆರಲ್‌ನಲ್ಲಿ ಎಲ್ಲವೂ ಕೆಲವೇ ದಶಕಗಳಲ್ಲಿ ನಡೆದುಹೋದದ್ದರಿಂದ ಮಾಡಿದವರು ಯಾರು, ಅನುಭವಿಸಿದವರು ಯಾರು ಎಂಬುದು ಎದ್ದು ಕಾಣುತ್ತದೆ. ಅದೇ ಕೊಡುಕೊಳುಗೆಯನ್ನು ಸಾವಿರ ವರ್ಷಗಳ ನಿಧಾನಗತಿಯಲ್ಲಿ ನೋಡಬೇಕೆಂದರೆ ನೆದರ್‌ಲೆಂಡ್ಸ್‌ನ ಪಶ್ಚಿಮ ಭಾಗವನ್ನು ಗಮನಿಸಿ. ಅದು ಸಮುದ್ರಮಟ್ಟಕ್ಕಿಂತ ತಗ್ಗಿನ ನಾಡು, ಆದ್ದರಿಂದ ಅಲ್ಲಿಯ ಜನ ಏರಿ ಕಟ್ಟುವುದರಲ್ಲಿ ನಿಪುಣರಾದರು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನ್ನ ದೃಷ್ಟಿಯಲ್ಲಿ ಈ ವಿವರಣೆ ಕಾರ್ಯವನ್ನೇ ಕಾರಣವೆಂದು ಹೇಳಿದಂತಿದೆ.

ಸುಮಾರು ಹತ್ತನೆಯ ಶತಮಾನದ ಹೊತ್ತಿಗೆ ಆ ನೆಲದ ಬಹುಭಾಗ ಸಮುದ್ರಮಟ್ಟಕ್ಕಿಂತ ಮೇಲೆಯೇ ಇತ್ತು. ಅರೆಕೊಳೆತ ಸಸ್ಯಗಳು ಸಾವಿರಾರು ವರ್ಷ ಪದರಪದರವಾಗಿ ಸೇರಿ ಆದ ಪೀಟ್ ಎಂಬ ಜೌಗುನೆಲ ಅದು. ಸ್ಪಂಜಿನಂತೆ ನೀರು ಹೀರಿಕೊಂಡು ದಿಬ್ಬವಾಗಿ ಉಬ್ಬಿ ನಿಂತಿತ್ತು. ಹೊಸದಾಗಿ ನೆಲೆಸಲು ಬಂದ ರೈತರು ಉದ್ದನೆಯ ಸಮಾನಾಂತರ ಕಾಲುವೆಗಳನ್ನು ತೋಡಿ ನೀರನ್ನು ಬಸಿದು ಧಾನ್ಯ ಬೆಳೆಯತೊಡಗಿದರು. ನೀರು ಹೋದ ಪೀಟ್ ಮೊದಲು ಕುಗ್ಗುತ್ತದೆ. ಬಳಿಕ ಅದರೊಳಗೆ ಗಾಳಿ ಸೇರಿ, ಅದುವರೆಗೆ ಕೊಳೆಯದೆ ಉಳಿದಿದ್ದ ಸಸ್ಯಾಂಶ ಆಮ್ಲಜನಕದೊಡನೆ ಬೆರೆತು ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಅಂದರೆ ಹೊಲವೇ ಸ್ವಲ್ಪ ಸ್ವಲ್ಪವಾಗಿ ಗಾಳಿಯ ಪಾಲಾಗುತ್ತದೆ. ನೆಲ ತಗ್ಗಿದಷ್ಟೂ ಮತ್ತೆ ಒದ್ದೆಯಾಗುತ್ತದೆ, ಒದ್ದೆಯಾದಷ್ಟೂ ಕಾಲುವೆಯನ್ನು ಆಳ ಮಾಡಬೇಕಾಗುತ್ತದೆ, ಆಳ ಮಾಡಿದಷ್ಟೂ ನೆಲ ಇನ್ನಷ್ಟು ಕುಸಿಯುತ್ತದೆ.

ಇದರ ಮುಂದಿನ ಪರಿಣಾಮಗಳು ಸಮಾಜದ ಒಳಕ್ಕೇ ಇಳಿದವು. ನದಿಯ ಮತ್ತು ಸಮುದ್ರದ ನೀರನ್ನು ತಡೆಯಲು ಏರಿಗಳು ಬಂದವು. ಒಬ್ಬನ ಏರಿ ಒಡೆದರೆ ಹತ್ತು ಜನರ ಹೊಲ ಮುಳುಗುವುದರಿಂದ ಅವುಗಳ ಉಸ್ತುವಾರಿಗಾಗಿ ಹದಿಮೂರನೆಯ ಶತಮಾನದಿಂದ ಜಲಮಂಡಳಿಗಳು ರೂಪುಗೊಂಡವು. ಅವು ಇಂದಿಗೂ ಸ್ವಂತ ತೆರಿಗೆ ಮತ್ತು ಸ್ವಂತ ಚುನಾವಣೆ ಉಳ್ಳ ಸಂಸ್ಥೆಗಳಾಗಿ ಉಳಿದಿವೆ. ನೆಲ ಧಾನ್ಯಕ್ಕೆ ಒಗ್ಗದಷ್ಟು ತೇವವಾದಾಗ ರೈತರು ಹೈನುಗಾರಿಕೆಯತ್ತ ಹೊರಳಿದರು. ಅದಕ್ಕೆ ಕಡಿಮೆ ಆಳು ಸಾಕಾದ್ದರಿಂದ ಮಿಕ್ಕವರು ಪಟ್ಟಣ, ಹಡಗು, ವ್ಯಾಪಾರಗಳತ್ತ ನಡೆದರು. ರೊಟ್ಟಿಯ ಧಾನ್ಯ ಬಾಲ್ಟಿಕ್ ತೀರದಿಂದ ಬರತೊಡಗಿತು. ಹದಿನೈದನೆಯ ಶತಮಾನದಿಂದ ನೀರೆತ್ತಲು ಗಾಳಿಯಂತ್ರಗಳು ಬಂದವು, ಹತ್ತೊಂಬತ್ತರಲ್ಲಿ ಉಗಿಯಂತ್ರಗಳು. ಉರುವಲಿಗಾಗಿ ಪೀಟನ್ನು ಅಗೆದದ್ದರಿಂದಲೂ ಅಲೆಗಳ ಕೊರೆತದಿಂದಲೂ ಹಿಗ್ಗುತ್ತ ಹೋದ ಹಾರ್ಲೆಮರ್‌ಮೇರ್ ಸರೋವರವನ್ನು 1852ರ ಹೊತ್ತಿಗೆ ಮೂರು ಉಗಿಪಂಪು ಠಾಣೆಗಳು ಬರಿದು ಮಾಡಿದವು. ಸ್ಕಿಪೋಲ್ ವಿಮಾನ ನಿಲ್ದಾಣ ಇರುವುದು ಆ ಸರೋವರದ ತಳದಲ್ಲಿ.

ಇಲ್ಲಿ ಪರಿಸರ ಒತ್ತಡ ಹೇರಿತೆಂಬುದು ನಿಜ. ಆದರೆ ಹದಿನೈದನೆಯ ಶತಮಾನದ ರೈತನ ಮೇಲೆ ಒತ್ತಡ ಹೇರಿದ ಪರಿಸರವು ಹನ್ನೊಂದನೆಯ ಶತಮಾನದ ರೈತ ಮಾಡಿಟ್ಟುಹೋದದ್ದು. ಎರಡು ಪಂಥಗಳೂ ಪ್ರಕೃತಿಯನ್ನು ಒಂದು ಕಡೆ, ಮನುಷ್ಯರನ್ನು ಇನ್ನೊಂದು ಕಡೆ ನಿಲ್ಲಿಸಿ ತಕ್ಕಡಿ ಹಿಡಿಯುತ್ತವೆ. ಪ್ರತಿ ತಲೆಮಾರಿನ ಕೈಗೂ ಬರುವುದು ಹಿಂದಿನವರು ಬಳಸಿ, ಬದಲಿಸಿ ಬಿಟ್ಟ ನೆಲವೇ ಎಂಬುದನ್ನು ಮರೆಯುತ್ತವೆ.

ಎತ್ತರದ ಗಾಳಿ

ಏರಿಕಾಲುವೆಯವರ ವಿವರಣೆ ಸೊಗಸಾಗಿದೆ. ಆದರೂ ಎಲ್ಲ ಪರಿಸರವೂ ಮನುಷ್ಯನಿರ್ಮಿತವೆಂಬಷ್ಟು ದೂರ ಹೋಗುವುದು ಬೇಡ. ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ ಇರುವುದು ಯಾರ ಆಯ್ಕೆಯೂ ಅಲ್ಲ. ಅಲ್ಲಿ ಪ್ರತಿ ಉಸಿರಿಗೂ ದೊರೆಯುವ ಆಮ್ಲಜನಕ ಕಡಿಮೆಯೇ. ಇಂಥ ಮಿತಿಗಳನ್ನು ಹೇಳಿದ ಮಾತ್ರಕ್ಕೆ ಯಾರೂ ನಿಯತಿವಾದಿಗಳಾಗುವುದಿಲ್ಲ.

ಸ್ವಾರಸ್ಯವೇನೆಂದರೆ, ಮಿತಿ ಒಂದೇ ಆದರೂ ಉತ್ತರ ಒಂದೇ ಆಗಿಲ್ಲ. ಆಂಡಿಸ್ ಪರ್ವತದ ನಿವಾಸಿಗಳ ರಕ್ತದಲ್ಲಿ ಹಿಮೋಗ್ಲೋಬಿನ್ ಪ್ರಮಾಣ ಏರಿರುತ್ತದೆ. ಅಷ್ಟೇ ಎತ್ತರದ ಟಿಬೆಟನ್ನರಲ್ಲಿ ಅದು ಅಷ್ಟಾಗಿ ಏರುವುದಿಲ್ಲ, ಅವರ ದೇಹ ಬೇರೆ ದಾರಿ ಹಿಡಿದಿದೆ. ಬೆಳೆ ಕೊಲ್ಲುವ ರಾತ್ರಿಯ ಹಿಮಗಟ್ಟುವ ಚಳಿಯನ್ನೇ ಆಂಡಿಸ್‌ನ ರೈತರು ಸಾಧನ ಮಾಡಿಕೊಂಡರು. ಕಹಿ ಆಲೂಗಡ್ಡೆಗಳನ್ನು ಬಯಲಿನಲ್ಲಿ ಹರವಿ ರಾತ್ರಿ ಹೆಪ್ಪುಗಟ್ಟಲು ಬಿಡುತ್ತಾರೆ. ಹಗಲು ಕರಗಿದಾಗ ಕಾಲಿನಿಂದ ತುಳಿದು ನೀರು ಹಿಂಡುತ್ತಾರೆ. ಹಲವು ದಿನ ಹೀಗೆ ಮಾಡಿ ಒಣಗಿಸಿದರೆ ವರ್ಷಗಟ್ಟಲೆ ಕೆಡದ ಚುನ್ಯೋ ಸಿದ್ಧವಾಗುತ್ತದೆ.

ಎದುರು ದಿಕ್ಕಿನ ಉದಾಹರಣೆಯೂ ದೇಹದಲ್ಲಿಯೇ ಇದೆ. ದೊಡ್ಡವರಾದ ಮೇಲೂ ಹಾಲಿನ ಸಕ್ಕರೆಯನ್ನು ಅರಗಿಸಿಕೊಳ್ಳುವ ಶಕ್ತಿ ಉತ್ತರ ಯುರೋಪಿನಲ್ಲಿಯೂ ಪೂರ್ವ ಆಫ್ರಿಕದಲ್ಲಿಯೂ ಪಶುಪಾಲಕರ ನಡುವೆ ಬೇರೆ ಬೇರೆ ಜೀನ್ ಮಾರ್ಪಾಡುಗಳಿಂದ ಪ್ರತ್ಯೇಕವಾಗಿ ಹರಡಿತು. ದನ ಸಾಕಿದ್ದು ಜನ. ಸಾಕಿದ ದನವೇ ಆ ಜನರ ಮೈಯನ್ನು ಬದಲಿಸಿತು.

ಹುಲ್ಲುಬಯಲು

ಪೂರ್ವ ಆಫ್ರಿಕದ ಪ್ರಸ್ತಾಪ ಬಂದದ್ದರಿಂದ, ನನಗೆ ಈ ಇಡೀ ಚರ್ಚೆಯ ತಿರುಳೆಂದು ತೋರುವ ಪ್ರಸಂಗವೊಂದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಸೆರೆಂಗೆಟಿಯ ಚಿತ್ರಗಳನ್ನು ನೋಡಿದವರಿಗೆ ಅದು ಮನುಷ್ಯರ ಕೈ ಸೋಕದ ಆದಿಮ ಬಯಲೆಂದು ಅನ್ನಿಸುವುದು ಸಹಜ. ಆ ಬಯಲಿನ ಇಂದಿನ ರೂಪಕ್ಕೆ ದನಗಳ ಒಂದು ವೈರಸ್ಸು ಮತ್ತು ಅದರ ಲಸಿಕೆ ಎಷ್ಟರಮಟ್ಟಿಗೆ ಕಾರಣವೆಂಬುದು ಚಿತ್ರದಲ್ಲಿ ಕಾಣುವುದಿಲ್ಲ.

1880ರ ದಶಕದ ಕೊನೆಯಲ್ಲಿ, ಇಟಲಿಯ ಸೇನೆಯ ಬಳಕೆಗೆಂದು ತಂದ ದನಗಳ ಮೂಲಕ ಎರಿಟ್ರಿಯದ ಕಡೆಯಿಂದ ‘ಆಫ್ರಿಕದ ಕೊಂಬು’ ಎನ್ನುವ ಈಶಾನ್ಯ ಭಾಗವನ್ನು ಹೊಕ್ಕಿತೆನ್ನಲಾದ ರಿಂಡರ್‌ಪೆಸ್ಟ್ ಎಂಬ ಪಿಡುಗು ಹತ್ತು ವರ್ಷ ತುಂಬುವುದರೊಳಗೆ ಖಂಡದ ದಕ್ಷಿಣ ತುದಿಯವರೆಗೆ ಹಬ್ಬಿತು. ಅನೇಕ ಪ್ರದೇಶಗಳಲ್ಲಿ ಹತ್ತಕ್ಕೆ ಎಂಟೊಂಬತ್ತು ದನಗಳು ಸತ್ತವು. ಇಥಿಯೋಪಿಯದಲ್ಲಿ ಉಳಲು ಎತ್ತುಗಳಿಲ್ಲದೆ ಭೀಕರ ಕ್ಷಾಮ ಬಂತು. ಮಾಸಾಯಿ ಪಶುಪಾಲಕರ ಬದುಕೇ ಕುಸಿಯಿತು. ಮೇಯುವ ದನವಿಲ್ಲ, ಹುಲ್ಲು ಸುಟ್ಟು ಪೊದೆ ಕಡಿಯುವ ಜನವಿಲ್ಲ ಎಂದಾದಾಗ ಬಯಲಿನಲ್ಲಿ ಕುರುಚಲು ಕಾಡು ಏರಿತು. ಪೊದೆಯ ನೆರಳು ಮತ್ತು ಕಾಡುಪ್ರಾಣಿಗಳ ರಕ್ತ ಎರಡೂ ಬೇಕಾದ ತ್ಸೆತ್ಸೆ ನೊಣಕ್ಕೆ ಇದಕ್ಕಿಂತ ಅನುಕೂಲ ಬೇರೆ ಬೇಕಿರಲಿಲ್ಲ. ಈ ನೊಣದ ಕಡಿತದಿಂದ ದನಗಳಿಗೆ ರೋಗ ತಗಲುವುದರಿಂದ ಅದು ಹರಡಿದ ಕಡೆ ದನ ಸಾಕುವುದು ಅಸಾಧ್ಯವಾಯಿತು. ಮನುಷ್ಯರಿಗೆ ನಿದ್ರಾರೋಗದ ಭಯವೂ ಸೇರಿಕೊಂಡಿತು. ಹೀಗೆ ಖಾಲಿಯಾದ ಎಷ್ಟೋ ನೆಲಗಳನ್ನು ವಸಾಹತು ಅಧಿಕಾರಿಗಳು ಜನವಾಸಕ್ಕೆ ಹುಟ್ಟಿನಿಂದಲೇ ಒಲ್ಲದ ಕಾಡೆಂದು ಬಗೆದರು. ಅಂಥ ಅನೇಕ ಕಡೆ ವನ್ಯಮೃಗಗಳ ಮೀಸಲುಗಳು ತಲೆಯೆತ್ತಿದವು.

ಸೆರೆಂಗೆಟಿ 1951ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1959ರಲ್ಲಿ ಮಾಸಾಯಿಗಳು ಅದರಿಂದ ಹೊರಹೋಗಬೇಕಾಯಿತು. ಅನಂತರ ನಡೆದದ್ದು ಇನ್ನೂ ಕುತೂಹಲಕರವಾಗಿದೆ. ಉದ್ಯಾನದ ಸುತ್ತಲಿನ ಸಾಕುದನಗಳಿಗೆ ಲಸಿಕೆ ಹಾಕಿದ್ದರಿಂದ ಉದ್ಯಾನದೊಳಗಿನ ವೈಲ್ಡ್‌ಬೀಸ್ಟ್ ಎಂಬ ಕಾಡುಮೃಗಗಳ ಕರುಗಳು ಅದೇ ರೋಗದಿಂದ ಸಾಯುವುದು ನಿಂತಿತು. 1960ರ ದಶಕದ ಆರಂಭದಲ್ಲಿ ಮೂರು ಲಕ್ಷದ ಒಳಗಿದ್ದ ಅವುಗಳ ಸಂಖ್ಯೆ 1970ರ ದಶಕ ಮುಗಿಯುವುದರೊಳಗೆ ಹನ್ನೆರಡು ಲಕ್ಷವನ್ನು ದಾಟಿತು. ಅಷ್ಟು ಬಾಯಿಗಳು ಹುಲ್ಲನ್ನು ಮೇದುಬಿಟ್ಟದ್ದರಿಂದ ಬೇಸಿಗೆಯ ಬೆಂಕಿಗೆ ಸುಡಲು ಒಣಹುಲ್ಲು ಉಳಿಯಲಿಲ್ಲ. ಬೆಂಕಿ ಕಡಿಮೆಯಾದಂತೆ ಎಳೆಯ ಮರಗಳು ಬದುಕಿಕೊಂಡವು. ದನಕ್ಕೆ ಚುಚ್ಚಿದ ಸೂಜಿಯ ಪರಿಣಾಮ ಮರಗಳ ಸಂಖ್ಯೆಯಲ್ಲಿ ಕಾಣಿಸಿಕೊಂಡಿತು. ರಿಂಡರ್‌ಪೆಸ್ಟ್ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಿಸಲಾಯಿತು.

ಆದ್ದರಿಂದ ‘ತ್ಸೆತ್ಸೆ ನೊಣ ಇದ್ದುದರಿಂದ ಅಲ್ಲಿ ಜನ ಕಡಿಮೆ’ ಎಂಬ ವಾಕ್ಯ ಕಂಡಾಗಲೆಲ್ಲ ಯಾವ ವರ್ಷದಿಂದ ಎಂದು ಕೇಳಬೇಕು. ಇಸವಿ ಕಾಣಿಸದ ಭೂಪಟ ನಿಯತಿವಾದಿಗೆ ಬಹಳ ಅನುಕೂಲಕರ.

ಭೂವಿಚಾರಿ

ಮೂವರಿಗೂ ಕೃತಜ್ಞತೆಗಳು. ಒಂದು ಸಂದೇಹ ಉಳಿದಿದೆ. ಪರಿಸರ, ಜನ, ಮತ್ತೆ ಪರಿಸರ ಎಂಬ ಈ ಸುತ್ತನ್ನು ಒಪ್ಪಿದರೂ ‘ಜನ’ ಎಂಬ ಒಂದೇ ಗುಂಪು ನಿರ್ಧರಿಸುತ್ತದೆ ಎಂಬಂತೆ ನಾವು ಮಾತಾಡುತ್ತಿದ್ದೇವೆ. ಆರಲ್ ತೀರದ ಮೀನುಗಾರರು ಹತ್ತಿಯ ಯೋಜನೆ ಹಾಕಿದವರಲ್ಲ. ಸೆರೆಂಗೆಟಿಯ ಗಡಿ ಎಳೆದವರೂ ಮಾಸಾಯಿಗಳಲ್ಲ.

ಕಾಂಡಚಿಗುರು

ಭೂವಿಚಾರಿಯವರು ಎತ್ತಿದ ಈ ಅಂಶವೇ ಮುಖ್ಯವೆಂದು ನನ್ನ ಅಭಿಪ್ರಾಯ. ನೆಲ ಮತ್ತು ಬದುಕುಗಳ ನಡುವೆ ಯಾವಾಗಲೂ ಒಂದು ನಿಯಮ ಕುಳಿತಿರುತ್ತದೆ: ನೀರು ಯಾರದು, ಮರ ಯಾರದು, ದಂಡ ವಿಧಿಸುವವರು ಯಾರು. ಸಹಾರಾದ ದಕ್ಷಿಣ ಅಂಚಿನ ನೈಜರ್ ದೇಶದಲ್ಲಿ ಇದನ್ನು ಹತ್ತಿರದಿಂದ ನೋಡಬಹುದು.

ಫ್ರೆಂಚ್ ವಸಾಹತು ಕಾಲದ ಅರಣ್ಯ ಕಾನೂನಿನ ಪ್ರಕಾರ ಹೊಲದಲ್ಲಿದ್ದ ಮರವೂ ಸರ್ಕಾರದ ಸ್ವತ್ತು. ಪರವಾನಗಿಯಿಲ್ಲದೆ ಕೊಂಬೆ ಕಡಿದರೂ ದಂಡ. ಸ್ವಾತಂತ್ರ್ಯಾನಂತರವೂ ಅದೇ ನಡೆಯಿತು. ತನ್ನದಾಗದ ಮರ ಹೊಲದಲ್ಲಿ ಬೆಳೆದರೆ ರೈತನಿಗೆ ತೊಂದರೆಯೇ ಹೊರತು ಲಾಭವಿಲ್ಲವಾದ್ದರಿಂದ ಪ್ರತಿವರ್ಷ ಉಳುಮೆಗೆ ಮುನ್ನ ಚಿಗುರನ್ನೆಲ್ಲ ಸವರಿ ಹಾಕುತ್ತಿದ್ದರು. 1970 ಮತ್ತು 80ರ ದಶಕಗಳ ಬರಗಾಲದಲ್ಲಿ ಬಯಲು ಬೋಳಾಗಿ, ಬಿತ್ತಿದ ಸಜ್ಜೆಯ ಮೊಳಕೆಗಳನ್ನು ಮರಳುಗಾಳಿ ಹೂಳುತ್ತಿತ್ತು. ಹೊರಗಿನಿಂದ ಸಸಿ ತಂದು ನೆಟ್ಟ ಯೋಜನೆಗಳಲ್ಲಿ ಹೆಚ್ಚಿನ ಸಸಿಗಳು ಒಣಗಿಹೋದವು.

1980ರ ದಶಕದಲ್ಲಿ ಮರಾಡಿ ಪ್ರದೇಶದಲ್ಲಿ ಕೆಲಸ ಮಾಡುತ್ತಿದ್ದ ಆಸ್ಟ್ರೇಲಿಯದ ಟೋನಿ ರಿನಾಡೊ ಮತ್ತು ಅಲ್ಲಿಯ ರೈತರು ಬೇರೆ ದಾರಿ ಹಿಡಿದರು. ಹೊಲದಲ್ಲಿ ಕಾಣುತ್ತಿದ್ದ ಕುರುಚಲು ಗಿಡಗಳು ಕಳೆಯಲ್ಲ. ಹಿಂದೆ ಕಡಿದ ಮರಗಳ ಬೊಡ್ಡೆ ಮತ್ತು ಬೇರು ನೆಲದೊಳಗೆ ಇನ್ನೂ ಜೀವಂತವಾಗಿದ್ದು, ಅಲ್ಲಿಂದಲೇ ಅವು ಚಿಗುರುತ್ತಿದ್ದವು. ಒಂದು ಬೊಡ್ಡೆಯಿಂದ ಎದ್ದ ಚಿಗುರುಗಳಲ್ಲಿ ಗಟ್ಟಿಯಾದ ಕೆಲವನ್ನು ಉಳಿಸಿ ಮಿಕ್ಕವನ್ನು ಸವರಿದರೆ, ಆಳಕ್ಕಿಳಿದ ಬೇರಿನ ಬಲದಿಂದ ಕೆಲವೇ ವರ್ಷಗಳಲ್ಲಿ ಮರ ನಿಲ್ಲುತ್ತದೆ. ಅಲ್ಲಿ ಗಾವೊ ಎಂದು ಕರೆಯುವ ಮರವಂತೂ ಮಳೆಗಾಲದಲ್ಲಿ ಎಲೆ ಉದುರಿಸುತ್ತದೆ. ಹಾಗಾಗಿ ಅದರ ಕೆಳಗಿನ ಸಜ್ಜೆಗೆ ಬಿಸಿಲಿನ ಕೊರತೆಯಾಗುವುದಿಲ್ಲ, ನೆಲಕ್ಕೆ ಸಾರಜನಕವೂ ಸಿಗುತ್ತದೆ. ಇದೇ ಹೊತ್ತಿಗೆ ಸರ್ಕಾರದ ಹಿಡಿತ ಸಡಿಲಗೊಂಡು, ತಾನು ಉಳಿಸಿದ ಮರದ ಸೌದೆ ತನ್ನದೇ ಎಂಬ ಭರವಸೆ ರೈತನಿಗೆ ಬಂತು. ಮುಂದಿನ ಎರಡು ದಶಕಗಳಲ್ಲಿ ಸುಮಾರು 50 ಲಕ್ಷ ಹೆಕ್ಟೇರ್ ಕೃಷಿಭೂಮಿಯಲ್ಲಿ ಮರಗಳು ಹೀಗೆ ಮರಳಿ ಬಂದವೆಂಬುದು ಉಪಗ್ರಹ ಚಿತ್ರಗಳ ನೆರವಿನಿಂದ ಮಾಡಿದ ಅಂದಾಜು. ಜನ ವಿರಳವಾಗಿರುವ ಕಡೆಗಿಂತ ದಟ್ಟವಾಗಿ ನೆಲೆಸಿರುವ ಕಡೆಯೇ ಈ ಮರಗಳು ಹೆಚ್ಚಾಗಿವೆ. ಜನಸಂಖ್ಯೆ ಏರಿದರೆ ನೆಲ ಹಾಳಾಗಲೇಬೇಕೆಂದು ನಂಬಿದವರಿಗೆ ಇದು ಇಂದಿಗೂ ಕಸಿವಿಸಿಯ ವಿಷಯ.

ಎತ್ತರದ ಗಾಳಿ

ಒಂದು ಆಕ್ಷೇಪಣೆ ಇದೆ. 1980ರ ದಶಕದ ಬಳಿಕ ಸಹಾರಾದ ದಕ್ಷಿಣ ಅಂಚಿನ ಈ ಸಾಹೇಲ್ ವಲಯದಲ್ಲಿ ಮಳೆಯೂ ತಕ್ಕಮಟ್ಟಿಗೆ ಚೇತರಿಸಿಕೊಂಡಿತು. ಮರಗಳು ಮರಳಿದ ಯಶಸ್ಸನ್ನೆಲ್ಲ ನಿಯಮದ ಬದಲಾವಣೆಗೆ ಕೊಡುವುದು ಹೇಗೆ?

ಕಾಂಡಚಿಗುರು

ಮಳೆಯ ಪಾಲನ್ನು ಅಲ್ಲಗಳೆಯುವಂತಿಲ್ಲ. 1984ರಂಥ ಬರದ ವರ್ಷಗಳೇ ಮುಂದುವರಿದಿದ್ದರೆ ಚಿಗುರು ಉಳಿಸುವವರೂ ಸೋಲುತ್ತಿದ್ದರು. ಆದರೆ ಇದನ್ನು ಬೇರ್ಪಡಿಸಿ ನೋಡಲು ದೇಶದ ಗಡಿ ನೆರವಾಗುತ್ತದೆ. ನೈಜರ್‌ನ ದಕ್ಷಿಣಕ್ಕೆ ಗಡಿ ದಾಟಿದರೆ ಉತ್ತರ ನೈಜೀರಿಯ. ಎರಡೂ ಕಡೆ ಹೌಸಾ ರೈತರೇ ಇದ್ದಾರೆ, ಮಣ್ಣು ಒಂದೇ ಬಗೆಯದು, ಮಳೆ ದಕ್ಷಿಣದಲ್ಲಿ ತುಸು ಹೆಚ್ಚೇ. ಮಳೆಯೊಂದೇ ಕಾರಣವಾಗಿದ್ದರೆ ಮರಗಳು ದಕ್ಷಿಣದಲ್ಲಿ ಹೆಚ್ಚಾಗಿರಬೇಕಿತ್ತು. ಉಪಗ್ರಹ ಚಿತ್ರಗಳನ್ನು ಹೋಲಿಸಿದ ಸಂಶೋಧಕರಿಗೆ ಗಡಿಯ ಉದ್ದಕ್ಕೂ ಹಲವೆಡೆ ನೈಜರ್‌ನ ಹೊಲಗಳಲ್ಲಿಯೇ ಮರಗಳು ದಟ್ಟವಾಗಿ ಕಂಡವು.