ಹೊಸ ಬಾಡಿಗೆ ಮನೆ: ಕಸ ಯಾವಾಗ, ಯಾರ ಕೈಗೆ ಕೊಡೋದು?

ಸಾಗರದ ಸೊಸೆ:
ಎಲ್ಲರಿಗೂ ನಮಸ್ತೆ. ಸಾಗರದ ಕಡೆಯಿಂದ ಬೆಂಗಳೂರಿಗೆ ಬಂದು ನಾಗರಬಾವಿ ಹತ್ತಿರ ಎರಡನೇ ಮಹಡೀಲಿ ಮನೆ ಮಾಡಿದ್ದೇವೆ. ನೀರು, ಹಾಲು, ಗ್ಯಾಸು ಎಲ್ಲ ಒಂದು ದಾರಿಗೆ ಬಂತು, ಕಸ ಮಾತ್ರ ಬಂದಿಲ್ಲ. ಊರಲ್ಲಿ ತರಕಾರಿ ಸಿಪ್ಪೆ ಕಲಗಚ್ಚಿಗೆ, ಗರಟೆ ಬಚ್ಚಲ ಒಲೆಗೆ, ಉಳಿದಿದ್ದು ಗೊಬ್ಬರಗುಂಡಿಗೆ ಹೋಗ್ತಿತ್ತು. ಕಸದ ಬಗ್ಗೆ ಯೋಚನೆ ಮಾಡಿದವಳೇ ಅಲ್ಲ.

ಇಲ್ಲಿ ಓನರ್ ಹೇಳೋದು, "ಎಲ್ಲ ಒಂದೇ ಕವರಿಗೆ ಕಟ್ಟಿ ರಾತ್ರಿ ಟ್ರಾನ್ಸ್‌ಫಾರ್ಮರ್ ಹತ್ರ ಇಟ್ಬಿಡಿ, ಬೆಳಿಗ್ಗೆ ಎತ್ಕೊಂಡು ಹೋಗ್ತಾರೆ" ಅಂತ. ಎತ್ತಿಕೊಂಡು ಹೋಗೋಕೆ ಮುಂಚೆ ನಾಯಿ ಹರಿದು ಹಾಕಿರ್ತವೆ. ಆಟೊದವರಿಗೇ ಕೊಡೋಣ ಅಂದರೆ ಒಂದು ದಿನ ಏಳು ಗಂಟೆ, ಇನ್ನೊಂದು ದಿನ ಒಂಬತ್ತೂವರೆ. ಮಗುನ ಎತ್ಕೊಂಡು ಮೆಟ್ಟಿಲು ಇಳಿಯೋದರೊಳಗೆ ಮುಂದಿನ ಕ್ರಾಸಲ್ಲಿ ವಿಜಿಲ್ ಕೇಳಿಸುತ್ತೆ. ಒಂದು ಸಲ ಸಿಕ್ಕರು, ಒಳಗೆ ಡೈಪರ್ ಇದೆ ಅಂತ ಕವರ್ ವಾಪಸ್ ಕೊಟ್ಟರು. ಡೈಪರ್ ಎಲ್ಲಿ ಹಾಕ್ಬೇಕು ಹಾಗಾದರೆ? ಓನರ್ ಬಾಡಿಗೆ ಜೊತೆ ಕಸದ ದುಡ್ಡು ಅಂತ ಬೇರೆ ಕೇಳ್ತಿದಾರೆ, ಅದು ಸರೀನಾ?

ಹನುಮಂತನಗರದವನು:
ಓನರ್ ಮಾತು ಕೇಳಿ ಟ್ರಾನ್ಸ್‌ಫಾರ್ಮರ್ ಹತ್ರ ಮಾತ್ರ ಇಡಬೇಡಿ. ಸಿಕ್ಕಿಬಿದ್ದರೆ ದಂಡ ನಿಮಗೆ, ಅವರಿಗಲ್ಲ. 2015ರಲ್ಲೇ ಹೈಕೋರ್ಟ್ ಆದೇಶ ಆಗಿದೆ: ಎರಡು ಬಕೆಟ್, ಒಂದು ಚೀಲ. ಹಸಿರು ಬಕೆಟ್ ಹಸಿ ಕಸಕ್ಕೆ, ಕೆಂಪು ಬಕೆಟ್ ಡೈಪರ್, ಪ್ಯಾಡು, ಬ್ಯಾಂಡೇಜ್ ಥರದ್ದಕ್ಕೆ, ಚೀಲ ಒಣ ಕಸಕ್ಕೆ.

ದುಡ್ಡಿನ ವಿಷಯ: 2025ರ ಏಪ್ರಿಲ್‌ನಿಂದ ಕಸದ ಶುಲ್ಕ ಆಸ್ತಿ ತೆರಿಗೆ ಜೊತೆಗೇ ಬರುತ್ತೆ. ಮನೆಗಳಿಗೆ ಕಟ್ಟಡದ ಅಳತೆ ನೋಡಿ ತಿಂಗಳಿಗೆ 10 ರೂಪಾಯಿಂದ 400ರವರೆಗೆ ನಿಗದಿ ಮಾಡಿದ್ರು. ಓನರ್ ನಿಮ್ಮ ಪಾಲು ಕೇಳಿದ್ರೆ ತಪ್ಪಲ್ಲ, ಆದ್ರೆ ತೆರಿಗೆ ರಸೀದಿ ತೋರಿಸಿ ಅನ್ನಿ. ಎಷ್ಟೋ ಜನ ರಸೀದಿ ಅಂದ ತಕ್ಷಣ ತಣ್ಣಗಾಗ್ತಾರೆ.

ಒಣಕಸದ ಅಕ್ಕ:
ತಂಗಿ, ನಾನು ವಾರ್ಡಿನ ಒಣ ಕಸ ಸೆಂಟರಲ್ಲಿ ಬೇರ್ಪಡಿಸೋ ಕೆಲಸ ಮಾಡೋಳು. ಅದಕ್ಕೂ ಮುಂಚೆ ಬೀದೀಲಿ ಆಯ್ತಿದ್ದೆ. ಮಗಳು ಟೈಪ್ ಮಾಡ್ಕೊಡ್ತಾ ಇದಾಳೆ, ಉದ್ದ ಆದ್ರೆ ಬೈಕೋಬೇಡ.

ಡೈಪರ್ ವಾಪಸ್ ಕೊಟ್ಟಿದ್ದಕ್ಕೆ ಆಟೊದವರ ಮೇಲೆ ಸಿಟ್ಟು ಮಾಡ್ಕೋಬೇಡ. ನಮ್ಮ ಟೇಬಲ್ ಮೇಲೆ ಚೀಲ ಸುರಿದಾಗ ಮಧ್ಯೆ ಒಂದು ಡೈಪರ್ ಬಿಚ್ಕೊಂಡಿದ್ರೆ ಸುತ್ತ ಇರೋ ಪೇಪರು, ರಟ್ಟು ಎಲ್ಲ ಹೋಯ್ತು ಅಂತಾನೇ ಲೆಕ್ಕ. ಒದ್ದೆ ಪೇಪರ್ ಯಾರೂ ತಗೊಳಲ್ಲ. ಕೈಗವಸು ಇದ್ರೂ ಆ ವಾಸನೆ ಮಧ್ಯಾಹ್ನ ಊಟಕ್ಕೆ ಕೂತಾಗಲೂ ಬಿಡಲ್ಲ. ಮಗು ಕಕ್ಕ ಟಾಯ್ಲೆಟ್ಟಿಗೆ ಹಾಕಿ, ಡೈಪರ್ ಮಡಚಿ ಅದರದೇ ಅಂಟಲ್ಲಿ ಮುಚ್ಚು. ಹಳೇ ನ್ಯೂಸ್‌ಪೇಪರಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಲ್ಲಿ ದೊಡ್ಡದಾಗಿ ಒಂದು ಗುರುತು ಹಾಕು. ಪ್ಯಾಡಿಗೂ ಹಂಗೇ. ಗುರುತು ಕಂಡ್ರೆ ನಾವು ಬಿಚ್ಚಿ ನೋಡೋದು ತಪ್ಪುತ್ತೆ. ಬ್ಲೇಡು, ಒಡೆದ ಗಾಜು ಇದ್ರೆ ದಪ್ಪ ಪೇಪರಲ್ಲಿ ಸುತ್ತಿ ಮೇಲೆ "ಗಾಜು" ಅಂತ ಬರೆದು ಬೇರೇನೇ ಕೈಗೆ ಕೊಡು.

ಈಗ ಹಾಲಿನ ಕವರು. ದಿನಾ ಬರೋದು ಅದೇ ತಾನೇ? ನಂದಿನಿ ಪ್ಯಾಕೆಟ್ ಮೂಲೆ ಕತ್ತರಿಸುವಾಗ ಆ ಚೂರು ಪೂರ್ತಿ ಕಿತ್ತು ಬರೋ ಹಂಗೆ ಕತ್ತರಿಸಬೇಡ, ಒಂದು ಕಡೆ ಅಂಟ್ಕೊಂಡಿರ್ಲಿ. ಉಗುರಿನಷ್ಟು ಚೂರು ನಮ್ಮ ಕೈಗೆ ಸಿಗಲ್ಲ ಕಣಮ್ಮ, ಗುಡಿಸಿದ ಧೂಳಲ್ಲಿ ಹೋಗುತ್ತೆ. ಖಾಲಿ ಆದ್ಮೇಲೆ ಒಂದು ಗುಟುಕು ನೀರು ಹಾಕಿ ಅಲ್ಲಾಡಿಸಿ ಗಿಡಕ್ಕೆ ಸುರಿ. ಕವರನ್ನ ನಲ್ಲಿ ಮೇಲೆ ಬೋರಲು ಹಾಕು, ಸಾಯಂಕಾಲಕ್ಕೆ ಒಣಗಿರುತ್ತೆ. ಒಣಗಿದ ಹಾಲಿನ ಕವರಿಗೆ ಒಳ್ಳೆ ರೇಟಿದೆ. ತೊಳೆಯದೆ ಕಟ್ಟಿಟ್ಟರೆ ಹುಳ ಬಿದ್ದಿರುತ್ತೆ. ಹೋಟೆಲ್ ಪಾರ್ಸಲ್ ಸಾಂಬಾರ್ ಕವರೂ ಅಷ್ಟೇ, ದಾರದ ಗಂಟು ಬಿಚ್ಚದೆ ಹಂಗೇ ಎಸೀತಾರೆ, ನಾವು ಬಿಚ್ಚೋಕೆ ಹೋದ್ರೆ ಮುಖಕ್ಕೇ ಚಿಮ್ಮುತ್ತೆ.

ಚಿಪ್ಸ್, ಬಿಸ್ಕತ್ತು, ಶಾಂಪೂ ಸ್ಯಾಶೆ, ಒಳಗಡೆ ಬೆಳ್ಳಿ ಥರ ಹೊಳೆಯೋವು, ಅವನ್ನ ಗುಜರಿಯವನು ಮುಟ್ಟೋದೂ ಇಲ್ಲ. ಎರಡು ಮೂರು ಪದರ ಅಂಟಿಸಿರ್ತಾರೆ, ಬಿಡಿಸೋಕಾಗಲ್ಲ. ಬೇಲ್ ಕಟ್ಟಿ ಸಿಮೆಂಟ್ ಫ್ಯಾಕ್ಟರಿಗೆ ಉರಿಸೋಕೆ ಕಳಿಸ್ತಾರೆ. ಆದ್ರೂ ಒಣ ಕಸಕ್ಕೇ ಹಾಕು. ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡ. ಪೇಪರು, ರಟ್ಟು, ಬಾಟ್ಲಿ ಎಲ್ಲ ಗುಜರಿ ಅಂಗಡಿಗೆ ಮಾರಿ ಚಿಪ್ಸ್ ಕವರ್ ಮಾತ್ರ ನಮಗೆ ಕಳಿಸಿದ್ರೆ ನಮ್ಮ ಸೆಂಟರ್ ನಡೆಯೋದು ಹೆಂಗೆ? ಬೆಲೆ ಬರೋದು ಸ್ವಲ್ಪ ನಮ್ಮ ಕಡೆಗೂ ಬರ್ಲಿ.

ಹಸಿ ಕಸದ ಬಕೆಟ್ಟಿಗೆ ಪ್ಲಾಸ್ಟಿಕ್ ಕವರ್ ಹಾಕಬೇಡ, ತಳಕ್ಕೆ ಪೇಪರ್ ಹಾಸು ಸಾಕು. ಮುಚ್ಚಳ ಇರೋ ಬಕೆಟ್ ತಗೊಂಡು ಮೇಲೆ ಮನೆ ನಂಬರ್ ಬರೆದು ರಾತ್ರೀನೇ ಗೇಟಿನ ಒಳಗೆ ಇಟ್ಟು, ಕೆಳಗಿನ ಮನೆಯವರಿಗೆ ಒಂದು ಮಾತು ಹೇಳಿಡು. ಆಟೊ ಡ್ರೈವರ್ ನಂಬರನ್ನೂ ಇಸ್ಕೋ. ಒಣ ಕಸ ದಿನಾ ತಗೊಳಲ್ಲ, ವಾರಕ್ಕೆ ಒಂದೋ ಎರಡೋ ದಿನ. ಯಾವ ದಿನ ಅಂತ ಅವರನ್ನೇ ಕೇಳು, ವಾರ್ಡಿಂದ ವಾರ್ಡಿಗೆ ಬೇರೆ ಬೇರೆ ಇರುತ್ತೆ. ಹೆಸರು ಹಿಡಿದು ಮಾತಾಡ್ಸೋರ ಮನೆ ಮುಂದೆ ಆಟೊ ಅರ್ಧ ನಿಮಿಷ ಜಾಸ್ತಿ ನಿಲ್ಲುತ್ತೆ, ಇದು ನಾನು ಕಂಡಿದ್ದು.

ಮಂಡೂರು ಕಡೆಯವ:
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಬೇರ್ಪಡಿಸದ ಕಸ ಎಲ್ಲಿಗೆ ಹೋಗುತ್ತೆ ಅಂತ ಸಿಟಿಯವರು ಕೇಳೋದೇ ಇಲ್ಲ. 2012ರಲ್ಲಿ ಮಾವಳ್ಳಿಪುರದ ಕಸ ಸುರಿಯೋ ಜಾಗ ಮುಚ್ಚಿದ ಮೇಲೆ ಕಸದ ಲಾರಿಗಳೆಲ್ಲ ನಮ್ಮ ಮಂಡೂರು ಕಡೆ ತಿರುಗಿದ್ವು. ಜನ ಬೀದಿಗಿಳಿದ ಮೇಲೆ 2014ರ ಕೊನೇಲಿ ನಿಂತ್ವು. ಆಮೇಲೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ ಕಲ್ಲು ಕ್ವಾರಿಗಳಿಗೆ ಸುರಿಯೋಕೆ ಶುರು ಮಾಡಿದ್ರು. ನಿಮ್ಮ ಓನರ್ ಟ್ರಾನ್ಸ್‌ಫಾರ್ಮರ್ ಹತ್ರ ಇಡಿಸೋ ಕವರ್ ಯಾವುದಾದ್ರೂ ಒಂದು ಹಳ್ಳಿ ಬಾಗಿಲಿಗೇ ಬರೋದು.

ಸಾಗರದ ಸೊಸೆ:
ಅಕ್ಕ, ತುಂಬಾ ಥ್ಯಾಂಕ್ಸ್. ಹಾಲಿನ ಕವರ್ ವಿಷಯ ಅತ್ತೆಗೂ ಓದಿ ಹೇಳಿದೆ. ಬಾಲ್ಕನೀಲಿ ಗೊಬ್ಬರ ಮಾಡಬಹುದಾ? ಸಿಪ್ಪೆ ಎಸೆಯೋಕೆ ಮನಸ್ಸೇ ಬರಲ್ಲ. ಆಮೇಲೆ ಹಳೇ ಹಾಸಿಗೆ ಒಂದಿದೆ, ಅದೇನು ಮಾಡೋದು?

ತಾರಸಿ ತೋಟ:
ಧಾರಾಳವಾಗಿ ಮಾಡಿ. ಬಕೆಟ್ಟಿಗೆ ಸುತ್ತ ತೂತು ಹಾಕಿ, ತಳಕ್ಕೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹಾಕಿ, ಒಂದು ಹಿಡಿ ಸಿಪ್ಪೆಗೆ ಒಂದು ಹಿಡಿ ಕೊಕೊಪೀಟು ಅಥವಾ ಒಣಗಿದ ಎಲೆ. ಶುರುವಿಗೆ ಒಂದಿಷ್ಟು ಹುಳಿ ಮಜ್ಜಿಗೆ, ಇಲ್ಲಾ ಊರಿಂದ ತಂದ ಗೊಬ್ಬರ ಇದ್ದರೆ ಇನ್ನೂ ಒಳ್ಳೇದು. ವಾರಕ್ಕೊಮ್ಮೆ ಕೈಯಾಡಿಸಿ. ವಾಸನೆ ಬಂದರೆ ನೀರು ಜಾಸ್ತಿ ಆಗಿದೆ ಅಂತ, ಒಣ ಎಲೆ ಸುರೀರಿ. ಸಾರು, ಹುಳಿ ಹಾಕೋದಾದ್ರೆ ಬಸಿದು ಹಾಕಿ. ಬೂದು ಬಣ್ಣದ ದಪ್ಪ ಹುಳ ಕಂಡರೆ ಕಿರುಚಬೇಡಿ, ಅವು ಕೆಲಸದವು. ಬಾಲ್ಕನಿ ನೀರು ಕೆಳಗಿನ ಮನೆಗೆ ಇಳಿಯದ ಹಾಗೆ ಮಾತ್ರ ತಟ್ಟೆ ಇಡಿ, ಜಗಳ ಹುಟ್ಟೋದು ಅಲ್ಲೇ.

ಒಣಕಸದ ಅಕ್ಕ:
ಹತ್ತಿ ಹಾಸಿಗೆ ಆದ್ರೆ ಹಾಸಿಗೆ ಹೊಲಿಯೋರಿಗೆ ಕೊಡು, ಹತ್ತಿ ಹಿಂಜಿ ಮತ್ತೆ ತುಂಬ್ತಾರೆ. ಸ್ಪಂಜಿನದಾದ್ರೆ ನಿಮ್ಮ ಸೆಂಟರಿಗೆ ಫೋನ್ ಮಾಡಿ ಕೇಳ್ಕೊಂಡು ತಗೊಂಡ್ಹೋಗು, ಕಸದ ಆಟೊಗೆ ಅದು ಹಿಡಿಯಲ್ಲ.