ಬ್ಯಾಟರಿ ಹೊಸದು, ಆದರೂ ಚಾರ್ಜ್ ನಿಲ್ಲುತ್ತಿಲ್ಲ: ಹಳೆಯ ಕಾರು ಇಟ್ಟುಕೊಂಡವರು ಅನುಭವ ಹೇಳಿ

ದಾವಣಗೆರೆ, ವಿದ್ಯಾನಗರದಿಂದ ಪ್ರಶ್ನೆ:
ನನ್ನದು 1999ರ ಮಾರುತಿ 800. ತಂದೆಯವರು ಕೊಂಡ ಕಾರು, ಮಾರುವ ಮನಸ್ಸಿಲ್ಲ. ಯುಗಾದಿಗೆ ಮುಂಚೆ ಹೊಸ ಬ್ಯಾಟರಿ ಹಾಕಿಸಿದೆ. ಆದರೂ ಒಂದೆರಡು ದಿನ ನಿಲ್ಲಿಸಿದರೆ ಸೆಲ್ಫ್ ಎಳೆಯುವುದಿಲ್ಲ. ಹೊರಗಿನ ಚಾರ್ಜರ್‌ಗೆ ಹಾಕಿ ತಂದರೆ ಚೆನ್ನಾಗಿಯೇ ತಿರುಗುತ್ತದೆ. ರಾತ್ರಿ ಚಿತ್ರದುರ್ಗದಿಂದ ಹೆಡ್‌ಲೈಟ್ ಹಾಕಿಕೊಂಡು ಬರುವಾಗ ಮುಂದಿನ ಬೋರ್ಡಿನಲ್ಲಿ ಕೆಂಪು ಬ್ಯಾಟರಿ ದೀಪ ಮಂದವಾಗಿ ಉರಿಯುತ್ತದೆ, ಹಗಲಿನಲ್ಲಿ ಕಾಣಿಸುವುದಿಲ್ಲ. ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಹೋಗಿದೆ, ಬದಲಿಸಿ ಎಂದು ಗ್ಯಾರೇಜಿನಲ್ಲಿ ಹೇಳಿದ್ದಾರೆ. ಅಷ್ಟು ಹಣ ಹಾಕುವ ಮೊದಲು ನಾನೇ ಏನಾದರೂ ಪರೀಕ್ಷಿಸಬಹುದೇ?

ಹರಿಹರದಿಂದ:
ಮೊದಲು ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ನೋಡಿ. ಎಂಜಿನ್ ಆರಿಸಿ, ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿ. ಒಂದು ಸೆಂಟಿಮೀಟರ್‌ಗಿಂತ ಬಹಳ ಹೆಚ್ಚು ಬಗ್ಗಿದರೆ ಸಡಿಲವಾಗಿದೆ ಎಂದರ್ಥ. ಒಳಬದಿ ಹೊಳಪು ಹಿಡಿದಿದ್ದರೆ ಜಾರುತ್ತಿದೆ. ನಿಮ್ಮ ಕಾರಿನಲ್ಲಿ ಅದೇ ಬೆಲ್ಟ್ ಎಂಜಿನ್ ತಣಿಸುವ ನೀರಿನ ಪಂಪನ್ನೂ ತಿರುಗಿಸುತ್ತದೆ. ಹಾಗಾಗಿ ದಾರಿಯಲ್ಲಿ ಕೆಂಪು ದೀಪ ಒಮ್ಮೆಲೇ ಪೂರ್ತಿ ಹೊತ್ತಿಕೊಂಡರೆ ಭರಮಸಾಗರದವರೆಗೆ ಹೋಗಿ ನೋಡೋಣ ಎನ್ನಬೇಡಿ, ಅಲ್ಲೇ ನಿಲ್ಲಿಸಿ ಬಾನೆಟ್ ತೆರೆಯಿರಿ. ಬೆಲ್ಟ್ ಹರಿದಿದ್ದರೆ ಬ್ಯಾಟರಿಗಿಂತ ಮೊದಲು ಎಂಜಿನ್ ಕಾದು ಹೋಗುತ್ತದೆ.

ಚಿತ್ರದುರ್ಗದಿಂದ:
ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಒಂದನ್ನು ಕೊಂಡುಕೊಳ್ಳಿ. ಹಳೆಯ ಕಾರನ್ನು ಪ್ರೀತಿಸುವವರ ಮನೆಯಲ್ಲಿ ಇರಲೇಬೇಕಾದ ಸಾಮಾನು ಅದು. ಊಹೆಯ ಮೇಲೆ ಭಾಗಗಳನ್ನು ಬದಲಿಸುತ್ತಾ ಹೋಗುವ ಪದ್ಧತಿಯ ಬಗ್ಗೆ ನನಗೆ ತೀವ್ರ ಬೇಸರವಿದೆ. ಹೊಸ ಬ್ಯಾಟರಿಗೆ ಒಮ್ಮೆ ಹಣ ಹೋಗಿದೆ, ಈಗ ಆಲ್ಟರ್ನೇಟರ್‌ಗೆ ಹೋಗುವುದು ಬೇಡ.

ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿಯನ್ನು ಬೆಳಿಗ್ಗೆ ಅಳೆಯಿರಿ. ಪೂರ್ಣ ಚಾರ್ಜ್ ಇದ್ದರೆ ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕೆ ಇಳಿದಿದ್ದರೆ ಹೆಚ್ಚು ಕಡಿಮೆ ಬರಿದಾಗಿದೆ. ಆಮೇಲೆ ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಮತ್ತು ಬ್ಲೋಯರ್ ಹಾಕಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದು ಬ್ಯಾಟರಿಯ ಮೇಲೆಯೇ ಮತ್ತೆ ಅಳೆಯಿರಿ. 13.8ರಿಂದ 14.5ರ ನಡುವೆ ಬಂದರೆ ಸರಿ. 15 ದಾಟಿದರೆ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿಯ ನೀರು ಬೇಗ ಬೇಗ ಇಂಗುವುದು, ಬಲ್ಬುಗಳು ಪದೇ ಪದೇ ಸುಡುವುದು ಅದರ ಗುರುತು. 13ಕ್ಕಿಂತ ಕೆಳಗಿದ್ದರೂ ಆಲ್ಟರ್ನೇಟರ್ ಸತ್ತಿದೆ ಎಂದು ತೀರ್ಮಾನಿಸಬೇಡಿ. ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರ್ ಹಿಂಬದಿಯ ದಪ್ಪ ತಂತಿಯ ಬೋಲ್ಟಿಗೆ, ಇನ್ನೊಂದನ್ನು ಅದರ ಲೋಹದ ಮೈಗೆ ಹಿಡಿದು ಅಲ್ಲೂ ಅಳೆಯಿರಿ. ಕೆಂಪು ಕಡ್ಡಿ ಬೋಲ್ಟನ್ನೂ ಮೈಯನ್ನೂ ಒಟ್ಟಿಗೆ ಮುಟ್ಟಬಾರದು, ಕೈ ಮತ್ತು ಅಂಗಿಯ ತೋಳು ಬೆಲ್ಟಿನಿಂದ ದೂರವಿರಲಿ. ಎರಡೂ ಅಂಕಿಗಳನ್ನು ಇಲ್ಲಿ ಬರೆಯಿರಿ.

ಇನ್ನೊಂದು ವಿಷಯವನ್ನು ಕೈಮುಗಿದು ಹೇಳುತ್ತೇನೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಬಿಚ್ಚಿ, ಕಾರು ಆರದಿದ್ದರೆ ಆಲ್ಟರ್ನೇಟರ್ ಸರಿಯಿದೆ ಎನ್ನುವ ಪರೀಕ್ಷೆಯನ್ನು ಯಾರಿಗೂ ಮಾಡಲು ಬಿಡಬೇಡಿ. ಆಲ್ಟರ್ನೇಟರ್‌ಗೆ ಮುಂಚಿನ ಡೈನಮೋ ಕಾಲದಿಂದ ಉಳಿದುಬಂದ ಅಭ್ಯಾಸವದು. ಬಿಚ್ಚಿದ ಕ್ಷಣದಲ್ಲಿ ವೋಲ್ಟೇಜ್ ಜಿಗಿದು ಆಲ್ಟರ್ನೇಟರ್‌ನ ಸರಿಯಿದ್ದ ಡಯೋಡ್, ರೆಗ್ಯುಲೇಟರ್‌ಗಳೇ ಸುಟ್ಟುಹೋಗಬಹುದು.

ಚಳ್ಳಕೆರೆಯಿಂದ:
ನನ್ನ ಓಮ್ನಿಯಲ್ಲಿ ಇದೇ ತೊಂದರೆ ಇತ್ತು. ಎಂಜಿನ್ನಿನಿಂದ ಗಾಡಿಯ ಲೋಹದ ಮೈಗೆ ಹೋಗುವ ಅರ್ಥಿಂಗ್ ಪಟ್ಟಿ, ಅಂದರೆ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ, ತುಕ್ಕು ಹಿಡಿದು ತುಂಡಾಗಿತ್ತು. ಸೆಲ್ಫ್ ಹೊಡೆದಾಗ ಕ್ಲಚ್ ಕೇಬಲ್ ಬಿಸಿಯಾಗುತ್ತಿತ್ತು. ಬೇರೆ ದಾರಿಯಿಲ್ಲದೆ ಕರೆಂಟ್ ಅದರ ಮೂಲಕವೇ ಹರಿಯುತ್ತಿತ್ತು. ಪಟ್ಟಿ ಬದಲಿಸಿದ ಮೇಲೆ ಇವತ್ತಿನವರೆಗೂ ತೊಂದರೆಯಿಲ್ಲ. ನಿಮ್ಮದೂ ಅರ್ಥಿಂಗೇ ಇರಬೇಕು.

ದಾವಣಗೆರೆ, ಮಂಡಿಪೇಟೆಯಿಂದ:
ಗೋದಾಮಿನ ಪಕ್ಕ ಕಾರು ನಿಲ್ಲಿಸುವವರು ಇಲಿಗಳನ್ನು ಮರೆಯಬೇಡಿ. ಆಲ್ಟರ್ನೇಟರ್‌ಗೆ ದಪ್ಪ ತಂತಿಯ ಜೊತೆ ಒಂದು ತೆಳು ತಂತಿಯೂ ಹೋಗುತ್ತದೆ. ಕೆಂಪು ದೀಪದ ಮೂಲಕ ಬರುವ ಅಲ್ಪ ಕರೆಂಟಿನಿಂದಲೇ ಹಳೆಯ ಆಲ್ಟರ್ನೇಟರ್‌ಗಳು ಕೆಲಸ ಆರಂಭಿಸುತ್ತವೆ. ಆ ತಂತಿ ಕಡಿದರೂ ದೀಪದ ಬಲ್ಬ್ ಸುಟ್ಟರೂ ಚಾರ್ಜಿಂಗ್ ನಿಲ್ಲಬಹುದು. ಕೀಲಿ ತಿರುಗಿಸಿದಾಗ, ಎಂಜಿನ್ ಹತ್ತುವ ಮೊದಲು, ದೀಪ ಉರಿಯುತ್ತದೆಯೇ ನೋಡಿ.

ವಿದ್ಯಾನಗರದಿಂದ:
ಎಲ್ಲರಿಗೂ ಧನ್ಯವಾದ. ಬೆಲ್ಟ್ ಬಿಗಿಯಾಗಿದೆ, ಕೀಲಿ ತಿರುಗಿಸಿದಾಗ ದೀಪ ಉರಿಯುತ್ತದೆ. ಬೆಳಿಗ್ಗೆ ಬ್ಯಾಟರಿ 12.2. ಲೈಟ್, ಬ್ಲೋಯರ್ ಹಾಕಿ ಎಂಜಿನ್ ಓಡಿಸಿದಾಗ ಬ್ಯಾಟರಿಯಲ್ಲಿ 12.9, ಆಲ್ಟರ್ನೇಟರ್ ಮೇಲೆ 14.2.

ಚಿತ್ರದುರ್ಗದಿಂದ:
ಹಾಗಾದರೆ ನಿಮ್ಮ ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಿದೆ! ಸೂಳೆಕೆರೆ ತುಂಬಿದ್ದರೂ ತೂಬಿನಲ್ಲಿ ಹೂಳು ಕೂತರೆ ಗದ್ದೆಗೆ ನೀರು ಬಾರದು. ಇಲ್ಲಿ ಆಗಿರುವುದೂ ಅದೇ. 1.3 ವೋಲ್ಟ್ ದಾರಿಯಲ್ಲಿ ಕಳೆದುಹೋಗುತ್ತಿದೆ. ಕೆಂಪು ದೀಪ ರಾತ್ರಿ ಮಂದವಾಗಿ ಉರಿಯುವುದಕ್ಕೂ ಇದೇ ಕಾರಣ. ಆ ದೀಪದ ಒಂದು ತುದಿ ಆಲ್ಟರ್ನೇಟರ್ ಕಡೆಗೆ, ಇನ್ನೊಂದು ಇಗ್ನಿಷನ್ ಮೂಲಕ ಬ್ಯಾಟರಿ ಕಡೆಗೆ ಸೇರಿರುತ್ತದೆ. ಎರಡೂ ಕಡೆ ಒಂದೇ ವೋಲ್ಟೇಜ್ ಇದ್ದರೆ ದೀಪ ಆರುತ್ತದೆ, ವ್ಯತ್ಯಾಸ ಬಂದಷ್ಟೂ ಮಿನುಗುತ್ತದೆ. ಎರಡು ಹೆಡ್‌ಲೈಟ್‌ಗಳೇ ಸುಮಾರು 9 ಆಂಪಿಯರ್ ಎಳೆಯುವುದರಿಂದ ರಾತ್ರಿ ಆ ವ್ಯತ್ಯಾಸ ಹಿಗ್ಗುತ್ತದೆ.

ಅರ್ಥಿಂಗ್ ಎಂಬ ಚಳ್ಳಕೆರೆಯವರ ಮಾತನ್ನು ತಳ್ಳಿಹಾಕುವುದಿಲ್ಲ, ಪರೀಕ್ಷಿಸಲೇಬೇಕು. ಆದರೆ ಎಂಜಿನ್ನಿನ ಅರ್ಥಿಂಗ್ ಅಷ್ಟು ಕೆಟ್ಟಿದ್ದರೆ ಬ್ಯಾಟರಿ ತುಂಬಿದ್ದಾಗಲೂ ಸೆಲ್ಫ್ ನರಳಬೇಕಿತ್ತು. ನಿಮ್ಮದು ಚೆನ್ನಾಗಿ ತಿರುಗುತ್ತದೆ ಎಂದಿದ್ದೀರಿ. ನನ್ನ ಅನುಮಾನ ಪಾಸಿಟಿವ್ ಕಡೆಗೆ. ಎಂಜಿನ್ ಓಡುತ್ತಿರುವಾಗ, ಲೈಟ್ ಹಾಕಿಯೇ, ಒಂದು ಕಡ್ಡಿ ಆಲ್ಟರ್ನೇಟರ್ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಪಾಸಿಟಿವ್‌ಗೆ ಹಿಡಿಯಿರಿ. ನಂತರ ಆಲ್ಟರ್ನೇಟರ್ ಮೈಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಅಳೆಯಿರಿ. ಎರಡು ಕಡೆಯೂ 0.2, ಹೆಚ್ಚೆಂದರೆ 0.3 ದಾಟಬಾರದು.

ವಿದ್ಯಾನಗರದಿಂದ:
ಪಾಸಿಟಿವ್ ಕಡೆ 1.1, ನೆಗೆಟಿವ್ ಕಡೆ 0.2. ಬ್ಯಾಟರಿ ಪಕ್ಕದ ಮುಖ್ಯ ಫ್ಯೂಸಿನ ಕನೆಕ್ಟರ್ ಕರಗಿ ಕಂದುಬಣ್ಣಕ್ಕೆ ತಿರುಗಿದೆ, ಒಳಗೆ ಹಸಿರು ಪುಡಿ ಕಟ್ಟಿದೆ.

ಚಳ್ಳಕೆರೆಯಿಂದ:
ಚಿತ್ರದುರ್ಗದವರ ಲೆಕ್ಕ ಸರಿಯಾಯಿತು. ಆ ಕನೆಕ್ಟರನ್ನು ಕೆರೆದು ಮತ್ತೆ ಹಾಕಬೇಡಿ. ಒಮ್ಮೆ ಕಾದು ಮೆತ್ತಗಾದ ತಗಡು ಹಿಡಿತ ಕಳೆದುಕೊಂಡಿರುತ್ತದೆ. ಹೊಸದನ್ನೇ ಹಾಕಿಸಿ, ತಂತಿಯ ಕಪ್ಪಾದ ತುದಿಯನ್ನು ಕತ್ತರಿಸಿ ಒಳ್ಳೆಯ ತಾಮ್ರ ಸಿಗುವವರೆಗೆ ಹಿಂದೆ ಹೋಗಲಿ. ಮುಖ್ಯ ಫ್ಯೂಸನ್ನು ಬಿಟ್ಟು ನೇರ ತಂತಿ ಎಳೆಯೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಶಾರ್ಟ್ ಆದರೆ ಕಾರಿಗೇ ಬೆಂಕಿ. ಕೆಲಸಕ್ಕೆ ಮುಂಚೆ ನೆಗೆಟಿವ್ ಟರ್ಮಿನಲ್ ಮೊದಲು ಬಿಚ್ಚಿ, ಕೊನೆಗೆ ಹಾಕಿ.

ಚಿತ್ರದುರ್ಗದಿಂದ:
ಜೋಡಣೆ ಆದ ಮೇಲೆ ಬ್ಯಾಟರಿಯನ್ನು ಅಂಗಡಿಯಲ್ಲಿ ನಿಧಾನವಾಗಿ ಪೂರ್ಣ ಚಾರ್ಜ್ ಮಾಡಿಸಿ. 35 ಆಂಪಿಯರ್ ಅವರ್ ಬ್ಯಾಟರಿಗೆ ಸುಮಾರು ಮೂರೂವರೆ ಆಂಪಿಯರ್ ಸಾಕು. ಇಷ್ಟು ಕಾಲ ಅರೆಹೊಟ್ಟೆಯಲ್ಲಿದ್ದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತಾ ಬಂದಿರುತ್ತದೆ, ತಡ ಮಾಡಿದರೆ ಹೊಸ ಬ್ಯಾಟರಿಯೂ ಹಾಳು. ಅದಾದ ಮೇಲೂ ನಿಂತಲ್ಲಿಯೇ ಇಳಿಯುತ್ತಿದ್ದರೆ, ಕಾರು ಆರಿಸಿದಾಗ ಎಷ್ಟು ಕರೆಂಟ್ ಸೋರುತ್ತಿದೆ ಎಂದು ಅಳೆಯೋಣ. 50 ಮಿಲಿ ಆಂಪಿಯರ್ ದಾಟಿದರೆ ಮೊದಲು ಮ್ಯೂಸಿಕ್ ಸಿಸ್ಟಂನ ಫ್ಯೂಸ್ ಕೀಳಿ.