ಅಪ್‌ಡೇಟ್: ಡುಶೆನ್ ಸ್ನಾಯುಕ್ಷಯದ ಮಕ್ಕಳಿಗಾಗಿ ಸೈಕಲ್ ಯಾತ್ರೆ

ಈ ಯಾತ್ರೆಯನ್ನು ದೇವಿಮನೆ ಘಟ್ಟ ಹತ್ತಿಸಿ ಶಿರಸಿಗೆ ಒಯ್ಯಬೇಕೇ, ಕರಾವಳಿಯಲ್ಲೇ ಸಾಗಬೇಕೇ, ಕೂಡಿಬಂದ ಹಣವನ್ನು ಎಲ್ಲಿಗೆ ತಲುಪಿಸಬೇಕು ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಸಲಹೆಯಂತೆ ಕಾರವಾರದಿಂದ ಅಂಕೋಲಾ, ಕುಮಟಾ, ಹೊನ್ನಾವರಗಳ ಮೂಲಕ ಭಟ್ಕಳದವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲೇ ಸಾಗಿದೆವು. ಡಿಸ್ಟ್ರೋಫಿನ್ ಎಂಬ ಪ್ರೋಟೀನಿನ ಕೊರತೆಯಿಂದ ಸ್ನಾಯುಗಳು ಕ್ರಮೇಣ ಸವೆಯುವ ಈ ಆನುವಂಶಿಕ ಕಾಯಿಲೆ ಬಹುಪಾಲು ಗಂಡುಮಕ್ಕಳನ್ನೇ ಬಾಧಿಸುತ್ತದೆ ಎಂಬುದನ್ನೂ, ಪದೇಪದೇ ಬೀಳುವ, ಮೆಟ್ಟಿಲು ಹತ್ತಲು ಕಷ್ಟಪಡುವ ಮಗುವನ್ನು ಸೋಮಾರಿಯೆಂದು ಗದರದೆ ಬೇಗನೆ ವೈದ್ಯರಿಗೆ ತೋರಿಸಬೇಕೆಂಬುದನ್ನೂ ಪ್ರತಿ ಊರಿನಲ್ಲಿ ವಿವರಿಸಿದೆವು. ನನ್ನ ಮಟ್ಟಿಗೆ ಹಣಕ್ಕಿಂತ ಇದೇ ದೊಡ್ಡ ಕೆಲಸ. ದೇಣಿಗೆಯನ್ನು ಅಪರೂಪದ ಕಾಯಿಲೆಗಳ 2021ರ ರಾಷ್ಟ್ರೀಯ ನೀತಿಯಡಿ ಕೇಂದ್ರ ಆರೋಗ್ಯ ಸಚಿವಾಲಯ ತೆರೆದಿರುವ ಪೋರ್ಟಲ್ ಮೂಲಕ ಸಲ್ಲಿಸಿದೆವು. ಅಲ್ಲಿ ದಾನಿಯೇ ಚಿಕಿತ್ಸಾ ಕೇಂದ್ರವನ್ನು ಆರಿಸಬಹುದು.